ಫಾರ್ವರ್ಡ್ ಮಾಡಿದ ಮೇಲೆ ಕೈ ಹಾಕಬೇಡಿ: ಸರ್ವ್‌ಲೆಟ್‌ನಿಂದ ಜೆಎಸ್‌ಪಿಗೆ ರಿಕ್ವೆಸ್ಟ್ ದಾಟಿಸುವ ಕ್ರಮ

"ಕ್ಯಾನಾಟ್ ಫಾರ್ವರ್ಡ್ ಆಫ್ಟರ್ ರೆಸ್ಪಾನ್ಸ್ ಹ್ಯಾಸ್ ಬೀನ್ ಕಮಿಟೆಡ್."

ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವವರು ಒಂದಲ್ಲ ಒಂದು ದಿನ ಟಾಮ್‌ಕ್ಯಾಟ್ ಎಂಬ ಸರ್ವರ್‌ನ ಲಾಗ್‌ನಲ್ಲಿ ಈ ಸಾಲು ನೋಡಿಯೇ ಇರುತ್ತಾರೆ. ಉತ್ತರ ಆಗಲೇ ಹೊರಟುಹೋಗಿದೆ, ಇನ್ನು ಬೇರೆಯವರಿಗೆ ದಾಟಿಸಲು ಆಗದು ಅಂತ ಇದರ ಅರ್ಥ. ಮೊದಲ ಸಲ ಇದು ಕಂಡಾಗ ನನಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಹೊಸಬರಿಗೆ ಹೇಳಿಕೊಡುವಾಗ ಗಮನಿಸಿದೆ: ಎಲ್ಲರೂ ಎಡವುವುದು ಅದೇ ನಾಲ್ಕೈದು ಜಾಗಗಳಲ್ಲಿ. ಆ ಜಾಗಗಳನ್ನು ಮೊದಲೇ ತೋರಿಸಿಬಿಟ್ಟರೆ ನಿಮ್ಮ ಮಧ್ಯಾಹ್ನ ಉಳಿಯುತ್ತದೆ.

ಕೋಡಿನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ಕೆಲವು ಅಕ್ಷರ ಟೈಪ್ ಮಾಡಿದರೆ ಪೂರ್ತಿ ಹೆಸರು ತಾನೇ ಬರುತ್ತದೆ.

ಉದಾಹರಣೆಗೆ ಊರಿನ ಒಂದು ಗ್ರಂಥಾಲಯದ ಅಪ್ಲಿಕೇಶನ್ ಇಟ್ಟುಕೊಳ್ಳೋಣ. ಸರ್ವರ್‌ನಲ್ಲಿ ಅದರ ವಿಳಾಸ "/ಲೈಬ್ರರಿ". ಓದುಗರು ಪುಸ್ತಕದ ಹೆಸರು ಟೈಪ್ ಮಾಡಿ ಹುಡುಕುತ್ತಾರೆ. ಆ ರಿಕ್ವೆಸ್ಟ್ "/ಪುಸ್ತಕ/ಹುಡುಕು" ಎಂಬ ಸರ್ವ್‌ಲೆಟ್‌ಗೆ, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾ ಕೋಡಿಗೆ, ಬರುತ್ತದೆ. ಅದು ಡೇಟಾಬೇಸ್ ಕೇಳಿ ಪುಸ್ತಕಗಳ ಪಟ್ಟಿ ತರುತ್ತದೆ. ಆ ಪಟ್ಟಿಯನ್ನು ಚೆಂದವಾಗಿ ತೋರಿಸುವ ಕೆಲಸ ಮಾತ್ರ "ಪಟ್ಟಿ" ಎಂಬ ಜೆಎಸ್‌ಪಿ ಪುಟದ್ದು (ಬ್ರೌಸರ್‌ಗೆ ಬೇಕಾದ ಎಚ್‌ಟಿಎಂಎಲ್ ಕಟ್ಟಿಕೊಡುವ, ಸರ್ವರ್‌ನಲ್ಲೇ ಓಡುವ ಪುಟ). ಹುಡುಕುವವರು ಬೇರೆ, ತೋರಿಸುವವರು ಬೇರೆ. ಇಬ್ಬರ ನಡುವೆ ರಿಕ್ವೆಸ್ಟ್ ದಾಟಬೇಕು. ಅದನ್ನು ದಾಟಿಸುವುದೇ ಫಾರ್ವರ್ಡ್.

ಒಳಗಿನ ಟೇಬಲ್ಲೋ, ನಾಲ್ಕನೇ ಕಿಟಕಿಯೋ

ಕಚೇರಿಯ ಕಿಟಕಿಗೆ ಅರ್ಜಿ ಕೊಟ್ಟಾಗ ಎರಡರಲ್ಲಿ ಒಂದು ಆಗಬಹುದು. ಅಲ್ಲಿ ಕೂತವರು ಅರ್ಜಿಗೆ ಒಂದು ಚೀಟಿ ಸಿಕ್ಕಿಸಿ ಒಳಗಿನ ಟೇಬಲ್‌ಗೆ ತಾವೇ ಕಳಿಸಬಹುದು. ನೀವು ಅದೇ ಕಿಟಕಿಯ ಮುಂದೆ ನಿಂತಿರುತ್ತೀರಿ. ಒಳಗೆ ಯಾರು ನೋಡಿದರು ಅಂತ ನಿಮಗೆ ಗೊತ್ತೂ ಆಗುವುದಿಲ್ಲ, ಉತ್ತರ ಮಾತ್ರ ಸಿಗುತ್ತದೆ. ಇಲ್ಲವಾದರೆ ಅವರು "ನಾಲ್ಕನೇ ಕಿಟಕಿಗೆ ಹೋಗಿ" ಅನ್ನಬಹುದು. ಆಗ ನೀವೇ ಎದ್ದು ಹೋಗಿ, ಅಲ್ಲಿ ಮತ್ತೆ ಮೊದಲಿಂದ ಹೇಳಬೇಕು.

ಮೊದಲನೆಯದು ಫಾರ್ವರ್ಡ್. ಎರಡನೆಯದು ರಿಡೈರೆಕ್ಟ್.

ಫಾರ್ವರ್ಡ್‌ನಲ್ಲಿ ಬ್ರೌಸರ್ ಕಳಿಸಿದ್ದು ಒಂದೇ ರಿಕ್ವೆಸ್ಟ್. ಅದೇ ರಿಕ್ವೆಸ್ಟ್, ಅದೇ ರೆಸ್ಪಾನ್ಸ್ ಸರ್ವರ್ ಒಳಗೇ ಕೈ ಬದಲಾಗುತ್ತವೆ. ಬ್ರೌಸರ್‌ನ ಮೇಲ್ಗಡೆ ಕಾಣುವ ವಿಳಾಸ ಬದಲಾಗುವುದಿಲ್ಲ. ರಿಡೈರೆಕ್ಟ್‌ನಲ್ಲಿ ಸರ್ವರ್ 302 ಎಂಬ ಸಂಖ್ಯೆಯ ಜೊತೆ ಹೊಸ ವಿಳಾಸ ಕಳಿಸುತ್ತದೆ. ಬ್ರೌಸರ್ ಆ ವಿಳಾಸಕ್ಕೆ ಹೊಸದೇ ರಿಕ್ವೆಸ್ಟ್ ಕಳಿಸುತ್ತದೆ. ಹಳೆಯ ರಿಕ್ವೆಸ್ಟ್‌ಗೆ ಸಿಕ್ಕಿಸಿದ್ದ ಚೀಟಿಗಳೆಲ್ಲ ಅಲ್ಲಿಗೇ ಮುಗಿದವು.

ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಫಾರ್ವರ್ಡ್ ಆದದ್ದು ಬ್ರೌಸರ್‌ಗೆ ಗೊತ್ತಿಲ್ಲ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕೂ ಜಾಸ್ತಿ ಈ ಒಂದು ಮಾತಿನಿಂದ ಬಿಡಿಸಿಕೊಳ್ಳುತ್ತವೆ.

ಸರ್ವ್‌ಲೆಟ್‌ಗಳು 1997ರಲ್ಲಿ ಬಂದಾಗ ಈ ಸೌಲಭ್ಯ ಇರಲಿಲ್ಲ. ಆಗ ಒಂದು ಸರ್ವ್‌ಲೆಟ್ ಇನ್ನೊಂದು ಸರ್ವ್‌ಲೆಟ್‌ನ ವಸ್ತುವನ್ನೇ ಗೆಟ್‌ಸರ್ವ್‌ಲೆಟ್ ಎಂಬ ಮೆಥಡ್‌ನಿಂದ ಪಡೆದು ನೇರವಾಗಿ ಕರೆಯಬಹುದಿತ್ತು. ಒಬ್ಬರ ಮನೆಯ ಅಡುಗೆಮನೆಗೆ ಇನ್ನೊಬ್ಬರು ಹೇಳದೆ ನುಗ್ಗಿದ ಹಾಗೆ. 1998ರ 2.1 ಆವೃತ್ತಿಯಲ್ಲಿ ದಾಟಿಸುವ ಕೆಲಸಕ್ಕೆಂದೇ ರಿಕ್ವೆಸ್ಟ್‌ಡಿಸ್ಪ್ಯಾಚರ್ ಬಂತು. ಗೆಟ್‌ಸರ್ವ್‌ಲೆಟ್ ಬಳಸಬೇಡಿ ಅಂತ ಆಗಲೇ ಹೇಳಿಬಿಟ್ಟರು. ಅವತ್ತಿನಿಂದ ದಾಟಿಸುವ ಕ್ರಮದ ಮೂಲ ಬದಲಾಗಿಲ್ಲ.

ಮೊದಲ ಹೆಜ್ಜೆ: ಪುಟವನ್ನು ಒಳಮನೆಯಲ್ಲಿಡಿ

ಪಟ್ಟಿ ಪುಟವನ್ನು ಅಪ್ಲಿಕೇಶನ್‌ನ ವೆಬ್-ಇನ್ಫ್ ಫೋಲ್ಡರ್ ಒಳಗೆ, "ಪುಟಗಳು" ಎಂಬ ಉಪಫೋಲ್ಡರ್ ಮಾಡಿ ಇಡಿ. ವೆಬ್-ಇನ್ಫ್ ಒಳಗಿನ ಫೈಲನ್ನು ಬ್ರೌಸರ್ ನೇರವಾಗಿ ಕೇಳಿದರೆ ಸರ್ವರ್ 404, ಅಂದರೆ ಸಿಗಲಿಲ್ಲ, ಅನ್ನುತ್ತದೆ. ಒಳಗಿನಿಂದ ಫಾರ್ವರ್ಡ್ ಮಾಡಿದರೆ ಮಾತ್ರ ಅದು ತೆರೆದುಕೊಳ್ಳುತ್ತದೆ.

ಹೊರಗಿಟ್ಟರೆ ಏನಾಗುತ್ತದೆ? ಯಾರೋ ಪಟ್ಟಿ ಪುಟದ ವಿಳಾಸವನ್ನು ನೇರವಾಗಿ ಟೈಪ್ ಮಾಡುತ್ತಾರೆ. ಸರ್ವ್‌ಲೆಟ್ ಓಡಿಲ್ಲ, ಪಟ್ಟಿ ಇಲ್ಲ. ಖಾಲಿ ಪುಟ ಬರುತ್ತದೆ, ಇಲ್ಲವೇ ಎರರ್ ಬರುತ್ತದೆ. ಲಾಗಿನ್ ಪರೀಕ್ಷೆ ಸರ್ವ್‌ಲೆಟ್‌ನಲ್ಲಿದ್ದರೆ ಅದನ್ನೂ ತಪ್ಪಿಸಿ ಒಳಗೆ ಬಂದಂತಾಯಿತು. ಹಾಗಾಗಿ ಸರ್ವ್‌ಲೆಟ್ ಹಿಂದೆ ನಿಲ್ಲಬೇಕಾದ ಪುಟಗಳೆಲ್ಲ ಒಳಗೇ ಇರಲಿ. ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಮಾತ್ರ ಹೊರಗಿಡಿ. ಅವನ್ನು ಕೇಳುವುದು ಬ್ರೌಸರ್. ಅವೂ ವೆಬ್-ಇನ್ಫ್‌ನಲ್ಲಿದ್ದರೆ ಪುಟ ಬರುತ್ತದೆ, ಬಣ್ಣ ಬರುವುದಿಲ್ಲ.

ಎರಡನೇ ಹೆಜ್ಜೆ: ಚೀಟಿ ಸಿಕ್ಕಿಸಿ

ಸರ್ವ್‌ಲೆಟ್ ಹುಡುಕಿ ತಂದ ಪಟ್ಟಿಯನ್ನು ರಿಕ್ವೆಸ್ಟ್‌ಗೇ ಸಿಕ್ಕಿಸಬೇಕು. ಅದಕ್ಕೆ ಸೆಟ್‌ಆಟ್ರಿಬ್ಯೂಟ್ ಮೆಥಡ್ ಇದೆ. ಮೊದಲು ಒಂದು ಹೆಸರು, ಆಮೇಲೆ ವಸ್ತು. ನಮ್ಮಲ್ಲಿ ಹೆಸರು "ಪುಸ್ತಕಗಳು", ವಸ್ತು ಡೇಟಾಬೇಸ್‌ನಿಂದ ಬಂದ ಪಟ್ಟಿ. ಜೆಎಸ್‌ಪಿ ಪುಟದಲ್ಲಿ ಡಾಲರ್ ಚಿಹ್ನೆ ಹಾಕಿ ಕರ್ಲಿ ಬ್ರಾಕೆಟ್ ಒಳಗೆ ಅದೇ ಹೆಸರು ಬರೆದರೆ ಪಟ್ಟಿ ಸಿಗುತ್ತದೆ. ಜೆಎಸ್‌ಟಿಎಲ್ ಎಂಬ ಸಿದ್ಧ ಟ್ಯಾಗ್‌ಗಳ ಸಂಗ್ರಹದ ಫಾರ್‌ಈಚ್ ಟ್ಯಾಗ್‌ನಿಂದ ಒಂದೊಂದೇ ಪುಸ್ತಕ ತೋರಿಸಬಹುದು. (ನಿಮ್ಮ ಕೋಡಿನಲ್ಲಿ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ.)

ಇಲ್ಲಿ ಎರಡು ಗೊಂದಲಗಳು ಸಾಮಾನ್ಯ.

ಒಂದು, ಪ್ಯಾರಾಮೀಟರ್ ಬೇರೆ, ಆಟ್ರಿಬ್ಯೂಟ್ ಬೇರೆ. ಪ್ಯಾರಾಮೀಟರ್ ಬ್ರೌಸರ್ ಕಳಿಸಿದ್ದು, ಅದು ಯಾವಾಗಲೂ ಅಕ್ಷರಗಳ ಸಾಲು. ಓದುಗರು ಟೈಪ್ ಮಾಡಿದ ಪುಸ್ತಕದ ಹೆಸರು ಪ್ಯಾರಾಮೀಟರ್. ಆಟ್ರಿಬ್ಯೂಟ್ ನೀವು ಸರ್ವರ್ ಒಳಗೆ ಸಿಕ್ಕಿಸಿದ್ದು, ಅದು ಯಾವ ವಸ್ತುವಾದರೂ ಆಗಬಹುದು. ಸೆಟ್‌ಪ್ಯಾರಾಮೀಟರ್ ಅಂತ ಮೆಥಡ್ ಇದೆಯಾ ಅಂತ ತುಂಬ ಜನ ಹುಡುಕುತ್ತಾರೆ. ಇಲ್ಲ. ಬ್ರೌಸರ್ ಹೇಳಿದ್ದನ್ನು ನಾವು ತಿದ್ದುವ ಹಾಗಿಲ್ಲ. ಆದರೆ ಫಾರ್ವರ್ಡ್ ಮಾಡುವ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಹೊಸ ಪ್ಯಾರಾಮೀಟರ್ ಸೇರಿಸಬಹುದು. ಅದೇ ಹೆಸರಿನದು ಮೊದಲೇ ಇದ್ದರೆ ನೀವು ಸೇರಿಸಿದ್ದು ಮುಂದೆ ಬರುತ್ತದೆ.

ಇನ್ನೊಂದು, ಪಟ್ಟಿಯನ್ನು ಸೆಷನ್‌ಗೆ (ಒಬ್ಬ ಓದುಗರ ಹಲವು ರಿಕ್ವೆಸ್ಟ್‌ಗಳಿಗೆ ಸೇರಿ ಸರ್ವರ್ ಇಟ್ಟುಕೊಳ್ಳುವ ಜಾಗಕ್ಕೆ) ಹಾಕುವ ಅಭ್ಯಾಸ. ಮೊದಲ ನೋಟಕ್ಕೆ ಇದೂ ಸರಿಯಾಗೇ ಕೆಲಸ ಮಾಡುತ್ತದೆ. ಆದರೆ ಒಬ್ಬರೇ ಎರಡು ಟ್ಯಾಬ್ ತೆರೆದು ಎರಡು ಹೆಸರು ಹುಡುಕಿದರೆ ಒಂದು ಟ್ಯಾಬ್‌ನ ಪಟ್ಟಿ ಇನ್ನೊಂದರಲ್ಲಿ ಬರಬಹುದು. ಲಾಗಿನ್ ಇರುವವರೆಗೂ ಆ ಪಟ್ಟಿ ಮೆಮೊರಿಯಲ್ಲಿ ಸುಮ್ನೆ ಕೂತಿರುತ್ತದೆ. ಈ ಒಂದು ಪುಟಕ್ಕಷ್ಟೇ ಬೇಕಾದದ್ದು ರಿಕ್ವೆಸ್ಟ್‌ನಲ್ಲಿರಲಿ. ಉತ್ತರ ಹೋದ ಕೂಡಲೇ ಅದೂ ಹೋಗುತ್ತದೆ.

ಜೊತೆಗೆ ಒಂದು ಎಚ್ಚರ. ಓದುಗರು ಟೈಪ್ ಮಾಡಿದ್ದನ್ನು ಪುಟದಲ್ಲಿ ಹಾಗೇ ಮತ್ತೆ ತೋರಿಸಬೇಡಿ. ಡಾಲರ್ ಬ್ರಾಕೆಟ್ ತಾನಾಗಿ ಏನನ್ನೂ ಶುದ್ಧ ಮಾಡುವುದಿಲ್ಲ. ಯಾರಾದರೂ ಹುಡುಕಾಟದ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿದರೆ ಅದು ಓಡಿಬಿಡುತ್ತದೆ. ಜೆಎಸ್‌ಟಿಎಲ್‌ನ ಸಿ-ಔಟ್ ಟ್ಯಾಗ್ ಮೂಲಕವೇ ತೋರಿಸಿ.

ಮೂರನೇ ಹೆಜ್ಜೆ: ದಾಟಿಸುವವರನ್ನು ಕರೆಯಿರಿ

ರಿಕ್ವೆಸ್ಟ್ ಮೇಲೆ ಗೆಟ್‌ರಿಕ್ವೆಸ್ಟ್‌ಡಿಸ್ಪ್ಯಾಚರ್ ಕರೆದು, ಪುಟದ ವಿಳಾಸ ಕೊಡಿ. ವಿಳಾಸ ಓರೆಗೆರೆಯಿಂದ ಶುರುವಾಗಲಿ: "/ವೆಬ್-ಇನ್ಫ್/ಪುಟಗಳು/ಪಟ್ಟಿ.ಜೆಎಸ್‌ಪಿ". ಇದೇ ಮೆಥಡ್ ಇಡೀ ಅಪ್ಲಿಕೇಶನ್ನನ್ನು ಪ್ರತಿನಿಧಿಸುವ ಸರ್ವ್‌ಲೆಟ್‌ಕಾಂಟೆಕ್ಸ್ಟ್ ಮೇಲೂ ಇದೆ. ಅಲ್ಲಿ ಓರೆಗೆರೆ ಕಡ್ಡಾಯ. ರಿಕ್ವೆಸ್ಟ್ ಮೇಲೆ ಕರೆದರೆ ಓರೆಗೆರೆ ಇಲ್ಲದ, ಈಗಿನ ಜಾಗದಿಂದ ಎಣಿಸುವ ವಿಳಾಸವೂ ನಡೆಯುತ್ತದೆ. ನಾನಂತೂ ಅದನ್ನು ಬಳಸುವುದಿಲ್ಲ. ಸರ್ವ್‌ಲೆಟ್‌ನ ವಿಳಾಸ ಬದಲಾದ ದಿನ ಎಲ್ಲವೂ ಮುರಿಯುತ್ತದೆ.

ಈ ವಿಳಾಸದಲ್ಲಿ "/ಲೈಬ್ರರಿ" ಇಲ್ಲ, ಗಮನಿಸಿ. ಫಾರ್ವರ್ಡ್ ಅಪ್ಲಿಕೇಶನ್ ಒಳಗೇ ನಡೆಯುತ್ತದೆ. ಅಲ್ಲಿ ಓರೆಗೆರೆ ಅಂದರೆ ಅಪ್ಲಿಕೇಶನ್‌ನ ಬಾಗಿಲು. ರಿಡೈರೆಕ್ಟ್‌ನಲ್ಲಿ ಓರೆಗೆರೆ ಅಂದರೆ ಇಡೀ ಸರ್ವರ್‌ನ ಬಾಗಿಲು, ಯಾಕೆಂದರೆ ಆ ವಿಳಾಸ ಓದುವುದು ಬ್ರೌಸರ್. ಹಾಗಾಗಿ ರಿಡೈರೆಕ್ಟ್ ಮಾಡುವಾಗ ಗೆಟ್‌ಕಾಂಟೆಕ್ಸ್ಟ್‌ಪಾತ್ ಕೊಡುವ ಹೆಸರನ್ನು ಮುಂದೆ ಸೇರಿಸಬೇಕು. ಅಪ್ಲಿಕೇಶನ್ "/ಲೈಬ್ರರಿ" ಥರದ ಹೆಸರಿಲ್ಲದೆ ಸರ್ವರ್‌ನ ಬಾಗಿಲಲ್ಲೇ (ರೂಟ್) ಕೂತಿದ್ದರೆ ಈ ತಪ್ಪು ಗೊತ್ತಾಗುವುದೇ ಇಲ್ಲ. ಬೇರೆ ಸರ್ವರ್‌ಗೆ ಹೋಗಿ "/ಲೈಬ್ರರಿ" ಕೆಳಗೆ ಕೂತ ದಿನ ರಿಡೈರೆಕ್ಟ್‌ಗಳೆಲ್ಲ 404 ಆಗುತ್ತವೆ.

ನಾಲ್ಕನೇ ಹೆಜ್ಜೆ: ಫಾರ್ವರ್ಡ್ ಮಾಡಿ, ಹೊರಗೆ ಬನ್ನಿ

ಈಗ ಆ ಡಿಸ್ಪ್ಯಾಚರ್ ಮೇಲೆ ಫಾರ್ವರ್ಡ್ ಕರೆದು ರಿಕ್ವೆಸ್ಟ್, ರೆಸ್ಪಾನ್ಸ್ ಎರಡನ್ನೂ ಕೊಡಿ. ಅದರ ಮುಂದಿನ ಸಾಲಿನಲ್ಲೇ ರಿಟರ್ನ್ ಬರೆಯಿರಿ.

ರಿಟರ್ನ್ ಯಾಕೆ? ಫಾರ್ವರ್ಡ್ ಕೂಡ ಉಳಿದ ಮೆಥಡ್‌ಗಳ ಹಾಗೆ ಒಂದು ಮೆಥಡ್. ಜೆಎಸ್‌ಪಿ ತನ್ನ ಕೆಲಸ ಮುಗಿಸಿದ ಮೇಲೆ ಹಿಡಿತ ಮತ್ತೆ ನಿಮ್ಮ ಸರ್ವ್‌ಲೆಟ್‌ಗೇ ಬರುತ್ತದೆ, ಉಳಿದ ಸಾಲುಗಳು ಓಡುತ್ತವೆ. ಫಾರ್ವರ್ಡ್ ಅಂದರೆ ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡವರು ಇಲ್ಲೇ ಬೀಳುತ್ತಾರೆ. ಸಾಮಾನ್ಯವಾಗಿ ಕಾಣುವ ತಪ್ಪು ಇದು: ಪುಸ್ತಕದ ಹೆಸರು ಖಾಲಿ ಇದ್ದರೆ ತಪ್ಪಿನ ಪುಟಕ್ಕೆ ಫಾರ್ವರ್ಡ್ ಮಾಡು ಅಂತ ಇಫ್ ಒಳಗೆ ಬರೆದಿರುತ್ತಾರೆ, ರಿಟರ್ನ್ ಮರೆತಿರುತ್ತಾರೆ. ತಪ್ಪಿನ ಪುಟ ಹೋಗುತ್ತದೆ. ಕೋಡು ಹಾಗೇ ಮುಂದುವರಿದು ಪಟ್ಟಿ ಪುಟಕ್ಕೂ ಫಾರ್ವರ್ಡ್ ಮಾಡಲು ಹೊರಡುತ್ತದೆ. ಆಗ ಲಾಗ್‌ನಲ್ಲಿ ಮೇಲೆ ಹೇಳಿದ ಸಾಲು ಬೀಳುತ್ತದೆ. ಇಲೀಗಲ್‌ಸ್ಟೇಟ್‌ಎಕ್ಸೆಪ್ಶನ್ ಅಂತ ಆ ಎರರ್‌ನ ಹೆಸರು.

ಹಿಡಿತ ವಾಪಸ್ ಬರುವುದರಿಂದ ಒಂದು ಅನುಕೂಲವೂ ಇದೆ. ಡೇಟಾಬೇಸ್ ಕನೆಕ್ಷನ್ ಮುಚ್ಚುವುದನ್ನು ಫೈನಲಿ ಒಳಗೆ ಬರೆದಿದ್ದರೆ ಅದು ಜೆಎಸ್‌ಪಿ ಮುಗಿದ ಮೇಲೆ ಸರಿಯಾಗಿ ಓಡುತ್ತದೆ. ಎಷ್ಟು ಹೊತ್ತು ಹಿಡಿಯಿತು ಅಂತ ಲಾಗ್ ಬರೆಯಲೂ ಬಹುದು. ರೆಸ್ಪಾನ್ಸ್‌ಗೆ ಮಾತ್ರ ಮತ್ತೆ ಕೈ ಹಾಕಬಾರದು. ಫಾರ್ವರ್ಡ್ ವಾಪಸ್ ಬರುವ ಮೊದಲೇ ಕಂಟೇನರ್ (ಸರ್ವ್‌ಲೆಟ್‌ಗಳನ್ನು ಓಡಿಸುವ, ಟಾಮ್‌ಕ್ಯಾಟ್‌ನಂಥ ಸರ್ವರ್) ಉತ್ತರವನ್ನು ಕಳಿಸಿ ಮುಚ್ಚಿರುತ್ತದೆ.

ಕಮಿಟ್ ಅಂದರೆ ಏನು

ಈ ಮಾತು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಾಸ್ತಿ ತಲೆನೋವು ಇಲ್ಲೇ.

ಸರ್ವ್‌ಲೆಟ್ ಬರೆದದ್ದು ಬರೆದ ಕೂಡಲೇ ಬ್ರೌಸರ್‌ಗೆ ಹೋಗುವುದಿಲ್ಲ. ಮೊದಲು ಬಫರ್‌ನಲ್ಲಿ ಸೇರುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಅದರ ಸಾಮಾನ್ಯ ಗಾತ್ರ 8192 ಬೈಟ್. ಬಫರ್ ತುಂಬಿದರೆ, ಇಲ್ಲವೇ ಯಾರಾದರೂ ಫ್ಲಶ್ ಮಾಡಿದರೆ, ಹೆಡರ್‌ಗಳೂ (ಉತ್ತರದ ತಲೆಯಲ್ಲಿ ಹೋಗುವ ಮಾಹಿತಿ) ಬರಹದ ಮೊದಲ ತುಂಡೂ ಹೊರಟುಬಿಡುತ್ತವೆ. ಅದೇ ಕಮಿಟ್. ಹೊರಟದ್ದನ್ನು ವಾಪಸ್ ಕರೆಯಲು ಆಗದು.

ಕಮಿಟ್ ಆಗುವ ಮೊದಲು ಫಾರ್ವರ್ಡ್ ಮಾಡಿದರೆ ಬಫರ್‌ನಲ್ಲಿದ್ದ ಬರಹವನ್ನು ಕಂಟೇನರ್ ಅಳಿಸುತ್ತದೆ. ಆಮೇಲೆ ಹೊಸಬರಿಗೆ ಖಾಲಿ ಹಾಳೆ ಕೊಡುತ್ತದೆ. "ನಾನು ಸರ್ವ್‌ಲೆಟ್‌ನಲ್ಲಿ ಬರೆದ ಸಾಲು ಪುಟದಲ್ಲಿ ಕಾಣ್ತಿಲ್ಲ" ಅಂತ ಕೇಳುವವರಿಗೆ ಉತ್ತರ ಇದೇ. ಆದರೆ ಅಳಿಯುವುದು ಬರಹ ಮಾತ್ರ. ಮೊದಲೇ ಇಟ್ಟಿದ್ದ ಕುಕ್ಕಿ, ಹೆಡರ್, ಸ್ಟೇಟಸ್ ಸಂಖ್ಯೆ ಹಾಗೇ ಉಳಿಯುತ್ತವೆ. ಇದು ಉಪಯೋಗಕ್ಕೆ ಬರುತ್ತದೆ. ತಪ್ಪು ಮಾಹಿತಿ ಬಂದಾಗ ಸ್ಟೇಟಸ್ 400 ಅಂತ ಇಟ್ಟು ಫಾರಂ ಪುಟಕ್ಕೇ ಫಾರ್ವರ್ಡ್ ಮಾಡಬಹುದು.

ಈ ತಪ್ಪಿಗೆ ಇನ್ನೊಂದು ಮುಖ ಇದೆ. ಬೆಳವಣಿಗೆಯ ಹಂತದಲ್ಲಿ ಸರ್ವ್‌ಲೆಟ್ ನಾಲ್ಕು ಸಾಲು ಬರೆದು ಫಾರ್ವರ್ಡ್ ಮಾಡುತ್ತಿರುತ್ತದೆ. ಬಫರ್ ತುಂಬುವುದಿಲ್ಲ, ಎಲ್ಲ ಸರಿಯಾಗಿ ನಡೆಯುತ್ತದೆ. ನಿಜವಾದ ಮಾಹಿತಿ ತುಂಬಿದ ದಿನ ಬರಹ ಬೆಳೆದು 8192 ದಾಟುತ್ತದೆ, ಎರರ್ ಶುರುವಾಗುತ್ತದೆ. ಕನ್ನಡ ಬರಹವಾದರೆ ಇನ್ನೂ ಬೇಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. "ಕಾದಂಬರಿ" ಎಂಬ ಒಂದು ಪದದಲ್ಲಿ 7 ಚಿಹ್ನೆ, ಅಂದರೆ 21 ಬೈಟ್. ಬಫರ್ ದೊಡ್ಡದು ಮಾಡಿ ತೊಂದರೆ ಮುಂದೂಡಬೇಡಿ. ಫಾರ್ವರ್ಡ್ ಮಾಡುವ ಸರ್ವ್‌ಲೆಟ್ ತಾನು ಒಂದಕ್ಷರವನ್ನೂ ಬರೆಯಬಾರದು. ಬರೆಯುವ ಹಕ್ಕು ಪೂರ್ತಿ ಪುಟದ್ದು.

ಸೆಂಡ್‌ಎರರ್, ಸೆಂಡ್‌ರಿಡೈರೆಕ್ಟ್ ಕರೆದ ಮೇಲೂ ಉತ್ತರ ಹೊರಟಂತೆಯೇ ಲೆಕ್ಕ. ಅವುಗಳ ಮುಂದಿನ ಸಾಲಿನಲ್ಲೂ ರಿಟರ್ನ್ ಬೇಕು.

ಬ್ರೌಸರ್‌ಗೆ ಗೊತ್ತಿಲ್ಲ ಅನ್ನುವುದನ್ನು ಮರೆತಾಗ

ಪಟ್ಟಿ ಪುಟ ಬಂತು, ಆದರೆ ಬಣ್ಣವಿಲ್ಲ, ಚಿತ್ರವಿಲ್ಲ. ಪುಟದಲ್ಲಿ ಸಿಎಸ್‌ಎಸ್ ಫೈಲಿನ ಹೆಸರನ್ನು ಸುಮ್ನೆ "ಶೈಲಿ.ಸಿಎಸ್‌ಎಸ್" ಅಂತ ಬರೆದಿದ್ದೀರಿ. ಬ್ರೌಸರ್ ತಾನು "/ಲೈಬ್ರರಿ/ಪುಸ್ತಕ/ಹುಡುಕು" ವಿಳಾಸದಲ್ಲಿದ್ದೇನೆ ಅಂದುಕೊಂಡಿದೆ. ಹಾಗಾಗಿ ಫೈಲನ್ನು "/ಲೈಬ್ರರಿ/ಪುಸ್ತಕ/" ಕೆಳಗೆ ಹುಡುಕುತ್ತದೆ. ಜೆಎಸ್‌ಪಿ ಎಲ್ಲಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಜೆಎಸ್‌ಟಿಎಲ್‌ನ ಸಿ-ಯುಆರ್‌ಎಲ್ ಟ್ಯಾಗ್ ಬಳಸಿ. ಅದು ಓರೆಗೆರೆಯಿಂದ ಶುರುವಾಗುವ ವಿಳಾಸಕ್ಕೆ "/ಲೈಬ್ರರಿ" ಸೇರಿಸಿಕೊಡುತ್ತದೆ. ಪುಟದೊಳಗಿನ ಎಲ್ಲ ಲಿಂಕ್‌ಗಳಿಗೂ, ಫಾರಂನ ಆಕ್ಷನ್‌ಗೂ ಇದೇ ನಿಯಮ.

ಸರ್ವರ್ ಕಡೆಯಲ್ಲೂ ಇದರ ಮಗ್ಗುಲೊಂದಿದೆ. ಫಾರ್ವರ್ಡ್ ಆದ ಪುಟದಲ್ಲಿ ಗೆಟ್‌ರಿಕ್ವೆಸ್ಟ್‌ಯುಆರ್‌ಐ ಕೇಳಿದರೆ ಜೆಎಸ್‌ಪಿಯ ವಿಳಾಸ ಸಿಗುತ್ತದೆ, ಓದುಗರು ಕೇಳಿದ ವಿಳಾಸವಲ್ಲ. ಮುಂದಿನ ಪುಟ, ಹಿಂದಿನ ಪುಟ ಅನ್ನುವ ಲಿಂಕ್ ಕಟ್ಟುವಾಗ ಮೂಲ ವಿಳಾಸವೇ ಬೇಕು, ಅಲ್ವಾ? ಕಂಟೇನರ್ ಅದನ್ನು ಒಂದು ಆಟ್ರಿಬ್ಯೂಟ್‌ನಲ್ಲಿ ಇಟ್ಟಿರುತ್ತದೆ. ಹೆಸರು "ಜಕಾರ್ತಾ.ಸರ್ವ್‌ಲೆಟ್.ಫಾರ್ವರ್ಡ್.ರಿಕ್ವೆಸ್ಟ್_ಯುಆರ್‌ಐ". ಟಾಮ್‌ಕ್ಯಾಟ್ 9 ಮತ್ತು ಅದಕ್ಕಿಂತ ಹಳೆಯದಾದರೆ "ಜಕಾರ್ತಾ" ಬದಲು "ಜಾವಾಎಕ್ಸ್". 2020ರ ಜಕಾರ್ತಾ ಇಇ 9ರಲ್ಲಿ ಈ ಹೆಸರು ಬದಲಾಯಿತು, ಟಾಮ್‌ಕ್ಯಾಟ್ 10 ಅದನ್ನು ಅನುಸರಿಸಿತು. ಹಳೆಯ ಕೋಡನ್ನು ಹೊಸ ಟಾಮ್‌ಕ್ಯಾಟ್‌ಗೆ ತಂದವರು ಇಂಪೋರ್ಟ್ ಸಾಲುಗಳನ್ನು ಬದಲಿಸುತ್ತಾರೆ. ಉದ್ಧರಣ ಚಿಹ್ನೆಯೊಳಗಿನ ಈ ಹೆಸರು ಮಾತ್ರ ಹಾಗೇ ಉಳಿದುಬಿಡುತ್ತದೆ. ಕಂಪೈಲರ್ ಏನೂ ಹೇಳುವುದಿಲ್ಲ, ಆ ಆಟ್ರಿಬ್ಯೂಟ್ ಕೇಳಿದರೆ ನಲ್ (ಏನೂ ಇಲ್ಲ) ಬರುತ್ತದೆ. ಇದನ್ನು ಹುಡುಕಿ ಬದಲಿಸಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ರಿಫ್ರೆಶ್. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನೋಂದಣಿ ಪುಟ ಮಾಡಿಕೊಟ್ಟಿದ್ದೆವು. ಫಾರಂ ಪೋಸ್ಟ್ ಆಗುತ್ತಿತ್ತು, ಸರ್ವ್‌ಲೆಟ್ ಡೇಟಾಬೇಸ್‌ಗೆ ಸೇರಿಸಿ "ನೋಂದಣಿ ಆಯಿತು" ಎಂಬ ಪುಟಕ್ಕೆ ಫಾರ್ವರ್ಡ್ ಮಾಡುತ್ತಿತ್ತು. ನೆಟ್‌ವರ್ಕ್ ನಿಧಾನ. ಪುಟ ಪೂರ್ತಿ ಬಂತೋ ಇಲ್ಲವೋ ಅಂತ ಅನುಮಾನಪಟ್ಟವರು ರಿಫ್ರೆಶ್ ಒತ್ತುತ್ತಿದ್ದರು. ಬ್ರೌಸರ್‌ಗೆ ಗೊತ್ತಿದ್ದ ಕೊನೆಯ ಕೆಲಸ ಪೋಸ್ಟ್. ಅದು ಅದನ್ನೇ ಮತ್ತೆ ಕಳಿಸುತ್ತಿತ್ತು. ಒಬ್ಬರ ಹೆಸರೇ ಎರಡು ಸಲ, ಮೂರು ಸಲ ಸೇರಿತು. ಕೂತು ಒಂದೊಂದೇ ಅಳಿಸಿದೆವು. ನಿಯಮ ಗೊತ್ತಿದ್ದಿದ್ದರೆ ಬೇಕಿರದ ಕೆಲಸ ಅದು.

ನಿಯಮ ಹೀಗಿದೆ. ಮಾಹಿತಿ ಓದಿ ತೋರಿಸುವ ಕೆಲಸಕ್ಕೆ ಫಾರ್ವರ್ಡ್. ಮಾಹಿತಿ ಬದಲಿಸುವ ಕೆಲಸ ಯಶಸ್ವಿಯಾದ ಮೇಲೆ ರಿಡೈರೆಕ್ಟ್. ನಮ್ಮ ಗ್ರಂಥಾಲಯದಲ್ಲಿ ಹುಡುಕಾಟಕ್ಕೆ ಫಾರ್ವರ್ಡ್. "ಈ ಪುಸ್ತಕ ನನಗೆ ಕಾದಿರಿಸಿ" ಎಂಬ ಫಾರಂ ಪೋಸ್ಟ್ ಆಗಿ ಡೇಟಾಬೇಸ್‌ಗೆ ಸೇರಿದ ಮೇಲೆ "ನನ್ನ ಪುಸ್ತಕಗಳು" ವಿಳಾಸಕ್ಕೆ ರಿಡೈರೆಕ್ಟ್. ಆಮೇಲೆ ಎಷ್ಟು ಸಲ ರಿಫ್ರೆಶ್ ಒತ್ತಿದರೂ ಪಟ್ಟಿ ಓದುವುದಷ್ಟೇ ನಡೆಯುತ್ತದೆ. ಅದೇ ಫಾರಂನಲ್ಲಿ ತಪ್ಪಿದ್ದರೆ ಏನೂ ಸೇರಿಲ್ಲವಲ್ಲ, ಆಗ ಫಾರ್ವರ್ಡ್ ಮಾಡಿ ಫಾರಂ ಪುಟವನ್ನೇ ತಪ್ಪಿನ ಸೂಚನೆಯೊಂದಿಗೆ ತೋರಿಸಿ. ಟೈಪ್ ಮಾಡಿದ್ದೆಲ್ಲ ರಿಕ್ವೆಸ್ಟ್‌ನಲ್ಲೇ ಇರುವುದರಿಂದ ಜಾಗಗಳನ್ನು ಮತ್ತೆ ತುಂಬಿಕೊಡಬಹುದು.

ರಿಡೈರೆಕ್ಟ್ ಆದ ಮೇಲೆ "ಪುಸ್ತಕ ಕಾದಿರಿಸಲಾಗಿದೆ" ಅಂತ ಒಂದು ಮಾತು ತೋರಿಸಬೇಕಾದರೆ ಅದನ್ನು ಸೆಷನ್‌ಗೆ ಹಾಕಿ, ತೋರಿಸಿದ ಕೂಡಲೇ ಅಲ್ಲಿಂದ ತೆಗೆಯಿರಿ. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಬಳಸುವವರಿಗೆ ಇದಕ್ಕೇ ಫ್ಲ್ಯಾಶ್ ಆಟ್ರಿಬ್ಯೂಟ್ ಇದೆ.

ಕನ್ನಡ ಅಕ್ಷರಗಳು ಕೆಡುವ ಜಾಗ

ಕಾದಿರಿಸುವ ಫಾರಂನಲ್ಲಿ ಓದುಗರು ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ. ಪುಟದಲ್ಲಿ ಒಂದೊಂದು ಕನ್ನಡ ಚಿಹ್ನೆಯ ಜಾಗದಲ್ಲಿ ಮೂರು ಮೂರು ವಿಚಿತ್ರ ಲ್ಯಾಟಿನ್ ಅಕ್ಷರ ಬರುತ್ತವೆ. ಫಾರ್ವರ್ಡ್ ಅಕ್ಷರ ಕೆಡಿಸಿತು ಅಂತ ಅನ್ನಿಸುತ್ತದೆ. ಫಾರ್ವರ್ಡ್ ಏನೂ ಮಾಡಿಲ್ಲ. ಪೋಸ್ಟ್ ಆದ ಮಾಹಿತಿ ಯಾವ ಎನ್‌ಕೋಡಿಂಗ್‌ನಲ್ಲಿದೆ ಅಂತ ಯಾರೂ ಹೇಳದಿದ್ದರೆ ಸರ್ವ್‌ಲೆಟ್ ನಿಯಮದ ಪ್ರಕಾರ ಅದನ್ನು ಐಎಸ್‌ಒ-8859-1 ಅಂತ ಓದಲಾಗುತ್ತದೆ. ಮೂರು ಬೈಟ್‌ನ ಕನ್ನಡ ಚಿಹ್ನೆ ಒಂದೊಂದು ಬೈಟ್‌ನ ಮೂರು ಅಕ್ಷರವಾಗುತ್ತದೆ.

ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್ ಕರೆದು ಯುಟಿಎಫ್-8 ಅಂತ ಹೇಳಬೇಕು. ಅದೂ ಮೊದಲ ಪ್ಯಾರಾಮೀಟರ್ ಓದುವ ಮುಂಚೆಯೇ. ಮೊದಲ ಸರ್ವ್‌ಲೆಟ್ ಪ್ಯಾರಾಮೀಟರ್ ಓದಿ, ಫಾರ್ವರ್ಡ್ ಮಾಡಿ, ಎರಡನೆಯದು ಎನ್‌ಕೋಡಿಂಗ್ ಇಟ್ಟರೆ ಪ್ರಯೋಜನವಿಲ್ಲ. ರಿಕ್ವೆಸ್ಟ್ ಒಂದೇ ಆದ್ದರಿಂದ ಓದಿದ್ದು ಓದಿಯಾಗಿದೆ. ಇದಕ್ಕೆ ಸರಿಯಾದ ಜಾಗ ಎಲ್ಲಕ್ಕಿಂತ ಮುಂದೆ ನಿಂತ ಒಂದು ಫಿಲ್ಟರ್, ಅಂದರೆ ಸರ್ವ್‌ಲೆಟ್‌ಗೂ ಮೊದಲು ರಿಕ್ವೆಸ್ಟ್ ನೋಡುವ ಕೋಡು. ಸರ್ವ್‌ಲೆಟ್ 4.0ರಿಂದ ಅಪ್ಲಿಕೇಶನ್‌ನ ಸೆಟ್ಟಿಂಗ್ ಫೈಲಾದ ವೆಬ್.ಎಕ್ಸ್‌ಎಂಎಲ್‌ನಲ್ಲಿ ಒಂದು ಸಾಲು ಬರೆದೂ ಹೇಳಬಹುದು. ಜೆಎಸ್‌ಪಿಯ ತಲೆಯಲ್ಲೂ ಕಂಟೆಂಟ್‌ಟೈಪ್, ಪೇಜ್‌ಎನ್‌ಕೋಡಿಂಗ್ ಎರಡರಲ್ಲೂ ಯುಟಿಎಫ್-8 ಇರಲಿ.

ರಿಡೈರೆಕ್ಟ್ ವಿಳಾಸದಲ್ಲಿ ಕನ್ನಡ ಪದ ಸೇರಿಸುವುದಾದರೆ ಯುಆರ್‌ಎಲ್‌ಎನ್‌ಕೋಡರ್‌ನಿಂದ ಹಾಯಿಸಿ. ಹಾಗೇ ಹಾಕಿದರೆ ಹೆಡರ್‌ನಲ್ಲಿ ಅದು ಪ್ರಶ್ನೆ ಚಿಹ್ನೆಗಳ ಸಾಲಾಗಬಹುದು.

ಕಾವಲುಗಾರರು ಒಳಬಾಗಿಲಲ್ಲಿ ಇರುವುದಿಲ್ಲ

ಲಾಗಿನ್ ನೋಡುವ ಫಿಲ್ಟರನ್ನು "/ನಿರ್ವಹಣೆ/" ಕೆಳಗಿನ ಎಲ್ಲದಕ್ಕೂ ಹಾಕಿದ್ದೀರಿ. ಬೇರೊಂದು ಸರ್ವ್‌ಲೆಟ್ "/ನಿರ್ವಹಣೆ/ಪಟ್ಟಿ" ಕಡೆಗೆ ಫಾರ್ವರ್ಡ್ ಮಾಡಿದರೆ ಆ ಫಿಲ್ಟರ್ ಓಡುತ್ತದೆಯೇ? ಸುಮ್ಮನೆ ಬಿಟ್ಟರೆ ಓಡುವುದಿಲ್ಲ. ಫಿಲ್ಟರ್‌ಗಳು ಹೊರಗಿನಿಂದ ಬಂದ ರಿಕ್ವೆಸ್ಟ್‌ಗೆ ಮಾತ್ರ ಓಡುತ್ತವೆ. ಒಳಗಿನ ಫಾರ್ವರ್ಡ್‌ಗೂ ಬೇಕಾದರೆ ಡಿಸ್ಪ್ಯಾಚರ್ ಬಗೆಗಳಲ್ಲಿ ಫಾರ್ವರ್ಡ್ ಅಂತಲೂ ಸೇರಿಸಬೇಕು. 2003ರ ಸರ್ವ್‌ಲೆಟ್ 2.4ರಿಂದ ಈ ಸೌಲಭ್ಯ ಇದೆ. ಸೇರಿಸುವಾಗ ರಿಕ್ವೆಸ್ಟ್ ಅನ್ನುವುದನ್ನೂ ಬಿಡದೆ ಬರೆಯಿರಿ. ಫಾರ್ವರ್ಡ್ ಒಂದನ್ನೇ ಬರೆದರೆ ಹೊರಬಾಗಿಲು ತೆರೆದುಕೊಳ್ಳುತ್ತದೆ.

ವೆಬ್.ಎಕ್ಸ್‌ಎಂಎಲ್‌ನ ಸೆಕ್ಯುರಿಟಿ ಕನ್‌ಸ್ಟ್ರೇಂಟ್‌ಗಳಿಗಂತೂ (ಯಾವ ವಿಳಾಸ ಯಾರಿಗೆ ಅನ್ನುವ ನಿಯಮಗಳಿಗೆ) ಈ ಆಯ್ಕೆಯೂ ಇಲ್ಲ. ಫಾರ್ವರ್ಡ್ ಆದಾಗ ಅವನ್ನು ನೋಡುವುದೇ ಇಲ್ಲ. ಒಳಗಿನ ಕೋಡನ್ನು ನಂಬಬಹುದು ಎಂಬ ಲೆಕ್ಕ. ಹಾಗಾಗಿ ಯಾರಿಗೆ ಏನು ತೋರಿಸಬಹುದು ಅನ್ನುವುದನ್ನು ಫಾರ್ವರ್ಡ್ ಮಾಡುವವರೇ ಮೊದಲು ನೋಡಿ ಮುಗಿಸಬೇಕು.

ಇದಕ್ಕಿಂತ ಅಪಾಯದ ಅಭ್ಯಾಸ ಒಂದಿದೆ. ಯಾವ ಪುಟಕ್ಕೆ ಹೋಗಬೇಕು ಅನ್ನುವುದನ್ನು ಪ್ಯಾರಾಮೀಟರ್‌ನಲ್ಲಿ ತೆಗೆದುಕೊಂಡು ಅದನ್ನೇ ಡಿಸ್ಪ್ಯಾಚರ್‌ಗೆ ಕೊಡುವುದು. ಫಾರ್ವರ್ಡ್‌ಗೆ ವೆಬ್-ಇನ್ಫ್ ತೆರೆದಿರುತ್ತದೆ ಅಂತ ಮೊದಲೇ ನೋಡಿದೆವಲ್ಲ. ದುರುದ್ದೇಶದವರು ಆ ಪ್ಯಾರಾಮೀಟರ್‌ನಲ್ಲಿ ವೆಬ್.ಎಕ್ಸ್‌ಎಂಎಲ್ ವಿಳಾಸವನ್ನೋ, ಪಾಸ್‌ವರ್ಡ್ ಇರುವ ಫೈಲಿನ ವಿಳಾಸವನ್ನೋ ತುಂಬಿದರೆ ಅದು ಅವರ ಪರದೆಯಲ್ಲಿ ಬರುತ್ತದೆ. ವೆಬ್ ಸುರಕ್ಷತೆಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2010 ಮತ್ತು 2013ರ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಪರಿಶೀಲಿಸದ ರಿಡೈರೆಕ್ಟ್ ಮತ್ತು ಫಾರ್ವರ್ಡ್‌ಗಳಿಗೆ ಒಂದು ಸ್ಥಾನವನ್ನೇ ಕೊಟ್ಟಿತ್ತು. ಬ್ರೌಸರ್‌ನಿಂದ ಬರುವುದು "ಪಟ್ಟಿ", "ವಿವರ" ಎಂಬಂಥ ಸಂಕೇತ ಮಾತ್ರ ಆಗಿರಲಿ. ಸಂಕೇತಕ್ಕೆ ಯಾವ ಪುಟ ಅನ್ನುವ ನಕ್ಷೆ ನಿಮ್ಮ ಕೋಡಿನಲ್ಲಿರಲಿ. ನಕ್ಷೆಯಲ್ಲಿ ಇಲ್ಲದ್ದು ಬಂದರೆ 404.

ಕೆಟ್ಟಾಗ ಎಲ್ಲಿ ನೋಡಬೇಕು

ವಿಳಾಸ ಸರಿಯಿದೆ, ಸರ್ವ್‌ಲೆಟ್ ಓಡುತ್ತಿದೆ, ಆದರೂ 404. ಆಗ ಫಾರ್ವರ್ಡ್ ಮಾಡಿದ ಪುಟ ಇಲ್ಲ ಅಂತ ಅರ್ಥ. ಇಲ್ಲದ ವಿಳಾಸ ಕೊಟ್ಟರೂ ಡಿಸ್ಪ್ಯಾಚರ್ ಸಿಗುತ್ತದೆ, ಫಾರ್ವರ್ಡ್ ಮಾಡಿದಾಗಲೇ 404 ಬರುವುದು. ಟಾಮ್‌ಕ್ಯಾಟ್‌ನ ಎರರ್ ಪುಟದಲ್ಲಿ ಸಿಗದ ಜೆಎಸ್‌ಪಿಯ ಹೆಸರು ಇರುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ಗೆ ಹಾಕುವವರು ವಿಶೇಷವಾಗಿ ನೋಡಿ.

405 ಬಂದರೆ ರಿಕ್ವೆಸ್ಟ್‌ನ ಬಗೆ (ಗೆಟ್ಟೋ, ಪೋಸ್ಟೋ) ನೋಡಿ. ಫಾರ್ವರ್ಡ್ ಮಾಡಿದಾಗ ಪೋಸ್ಟ್ ಪೋಸ್ಟ್ ಆಗಿಯೇ ಹೋಗುತ್ತದೆ. ಎರಡನೇ ಸರ್ವ್‌ಲೆಟ್‌ನಲ್ಲಿ ಡೂಗೆಟ್ ಮಾತ್ರ ಇದ್ದರೆ ಅದು ಒಪ್ಪುವುದಿಲ್ಲ.

ಸ್ಟ್ಯಾಕ್‌ಓವರ್‌ಫ್ಲೋ ಬಂದರೆ ರಿಕ್ವೆಸ್ಟ್ ಗಾಣದೆತ್ತಿನ ಹಾಗೆ ಸುತ್ತುತ್ತಿದೆ. ಸರ್ವ್‌ಲೆಟ್‌ಗೆ "/*" ಎಂಬ ವಿಳಾಸ ಕೊಟ್ಟಿದ್ದರೆ ಜೆಎಸ್‌ಪಿಗೆ ಮಾಡಿದ ಫಾರ್ವರ್ಡ್ ಕೂಡ ಅದೇ ಸರ್ವ್‌ಲೆಟ್‌ಗೆ ವಾಪಸ್ ಬರುತ್ತದೆ. ನಕ್ಷತ್ರ ತೆಗೆದು ಬರೀ "/" ಕೊಡಿ. ಆಗ ಯಾರಿಗೂ ಸೇರದ ವಿಳಾಸಗಳು ಮಾತ್ರ ಅದಕ್ಕೆ ಬರುತ್ತವೆ, ಜೆಎಸ್‌ಪಿಗಳು ಕಂಟೇನರ್‌ನ ಜೆಎಸ್‌ಪಿ ಸರ್ವ್‌ಲೆಟ್‌ಗೇ ಹೋಗುತ್ತವೆ.

ತಲೆಬರಹ, ಅಡಿಬರಹದ ತುಂಡುಗಳನ್ನು ಪುಟಕ್ಕೆ ಸೇರಿಸಲು ಫಾರ್ವರ್ಡ್ ಬೇಡ, ಇನ್‌ಕ್ಲೂಡ್ ಬಳಸಿ. ಅದರಲ್ಲಿ ನಿಮ್ಮ ಬರಹ ಉಳಿಯುತ್ತದೆ, ನಡುವೆ ಇನ್ನೊಬ್ಬರ ಬರಹ ಸೇರುತ್ತದೆ. ಸೇರಿಕೊಂಡ ತುಂಡು ಹೆಡರ್, ಸ್ಟೇಟಸ್ ಬದಲಿಸಲು ಹೋದರೆ ಕಂಟೇನರ್ ಕಿವಿಗೊಡುವುದಿಲ್ಲ.

ಎಲ್ಲ ಮುಗಿದ ಮೇಲೆ ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆಯಿರಿ. ಹಳೆಯ ಸಾಲುಗಳು ಅಳಿಯದಂತೆ ಪ್ರಿಸರ್ವ್ ಲಾಗ್ ಗುರುತು ಹಾಕಿ. ಒಂದು ಪುಸ್ತಕ ಹುಡುಕಿ. ಪುಟಕ್ಕೆ ಸಂಬಂಧಿಸಿದಂತೆ ಒಂದೇ ಸಾಲು, 200 ಅಂತ ಕಾಣಬೇಕು. ಈಗ ಒಂದು ಪುಸ್ತಕ ಕಾದಿರಿಸಿ. ಪೋಸ್ಟ್‌ನ ಮುಂದೆ 302, ಅದರ ಕೆಳಗೆ ಗೆಟ್‌ನ ಮುಂದೆ 200, ಹೀಗೆ ಎರಡು ಸಾಲು ಕಾಣಬೇಕು. ಆಮೇಲೆ ರಿಫ್ರೆಶ್ ಒತ್ತಿ ನೋಡಿ: ಫಾರಂ ಮತ್ತೆ ಕಳಿಸಲೇ ಅಂತ ಬ್ರೌಸರ್ ಕೇಳಬಾರದು, ಡೇಟಾಬೇಸ್‌ನಲ್ಲಿ ಆ ಪುಸ್ತಕ ಒಂದೇ ಸಲ ಇರಬೇಕು.